ಬೆಂಗಳೂರು ನಾಗರತ್ನಮ್ಮ, ಮುದ್ದುಪಳನಿ ಮತ್ತು ನಾಚಿಕೆಯ ಪ್ರಶ್ನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಣ್ಣಿನ ಮಾನ, ಮರ್ಯಾದೆ, ಕಾಮ ಇವುಗಳ ಬಗ್ಗೆ ಸಮಾಜ ಇಟ್ಟುಕೊಂಡಿದ್ದ ಮಡಿಯನ್ನು ಪ್ರಶ್ನಿಸಿದವರು ಯಾರು ಎಂದು ಕೇಳಿದರೆ ದೊಡ್ಡ ದೊಡ್ಡ ಸುಧಾರಕರ ಹೆಸರು ಸಲೀಸಾಗಿ ಬಾಯಿಗೆ ಬರುತ್ತದೆ. ನಂಜನಗೂಡಿನಲ್ಲಿ ಹುಟ್ಟಿದ ನಾಗರತ್ನಮ್ಮನವರ ಹೆಸರು ಮಾತ್ರ ಸಂಗೀತದವರ ಬಾಯಲ್ಲಿ ಉಳಿದುಕೊಂಡಿದೆ, ಅದೂ ತ್ಯಾಗರಾಜರ ಸಮಾಧಿ ಕಟ್ಟಿಸಿದವರು ಎಂದು. ಅದಕ್ಕೆ ಮೊದಲು ಅವರು ಮುದ್ದುಪಳನಿ ಎಂಬ ಕವಯಿತ್ರಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ಅಚ್ಚು ಹಾಕಿಸಿದ್ದರು, ಅದು ಅಶ್ಲೀಲವೆಂದು ನಿಷೇಧಕ್ಕೆ ಒಳಗಾಯಿತು. ಆ ಪುಸ್ತಕದ ಕತೆ ಹೇಳಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಇವು.

ನಾಗರತ್ನಮ್ಮ ಯಾರು? ನಂಜನಗೂಡಿನವರ ಹೆಸರಿನಲ್ಲಿ ಬೆಂಗಳೂರು ಹೇಗೆ ಬಂತು?

ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಸಮುದಾಯದವರು. ಮಗಳನ್ನು ವಿದುಷಿ ಮಾಡಬೇಕೆಂದು ಹಟ ತೊಟ್ಟ ತಾಯಿ ಅವರು. ಮೈಸೂರಿನಲ್ಲಿ ಗಿರಿಭಟ್ಟರ ತಮ್ಮಯ್ಯ ಎಂಬ ಪಂಡಿತರ ಬಳಿ ಹುಡುಗಿಗೆ ಸಂಸ್ಕೃತ ಪಾಠವಾಯಿತು. ಅಲ್ಲಿ ಮನಸ್ತಾಪ ಬಂದಾಗ ತಾಯಿ ಮಗಳನ್ನು ಕರೆದುಕೊಂಡು ಮೈಸೂರು ಬಿಟ್ಟೇಬಿಟ್ಟರು. ಕೊನೆಗೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರು ಸಂಗೀತ ಹೇಳಿಕೊಟ್ಟರು. ಅವರದು ತ್ಯಾಗರಾಜರ ಶಿಷ್ಯಪರಂಪರೆ. ನಾಗರತ್ನಮ್ಮನವರಿಗೆ ಇನ್ನೂ ಹದಿನಾಲ್ಕರ ಆಸುಪಾಸು ಇರುವಾಗಲೇ ತಾಯಿ ತೀರಿಕೊಂಡರು. ಹಾಡುಗಾರ್ತಿಯಾಗಿ ಹೆಸರು ಬಂದದ್ದು ಬೆಂಗಳೂರಿನಿಂದ, ಆದ್ದರಿಂದ ಊರು ಹೆಸರಿಗೆ ಅಂಟಿಕೊಂಡಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿಗೆ ಹೋಗಿ ನೆಲೆಸಿದರು. ಸ್ವಂತ ಸಂಪಾದನೆ, ಸ್ವಂತ ಮನೆ. ಕನ್ನಡ, ತೆಲುಗು, ಸಂಸ್ಕೃತ ಮೂರೂ ಬಲ್ಲವರು. ಇಷ್ಟು ಓದಿಕೊಂಡು, ತನ್ನ ಗಳಿಕೆಯನ್ನು ತಾನೇ ನೋಡಿಕೊಳ್ಳುವ ಅವಕಾಶ ಆ ಕಾಲದ ‘ಮರ್ಯಾದಸ್ಥ’ ಮನೆಯ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಇತ್ತು? ಮುಂದಿನ ಕತೆಯನ್ನೆಲ್ಲ ಓದುವಾಗ ಇದೊಂದು ನೆನಪಿನಲ್ಲಿರಲಿ.

ಮುದ್ದುಪಳನಿ ಅಂದರೆ ಯಾರು?

ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ (ಆಳ್ವಿಕೆ 1739–1763) ಆಸ್ಥಾನದಲ್ಲಿದ್ದ ಕವಯಿತ್ರಿ. ಆಸ್ಥಾನದ ಗಣಿಕೆ. ತೆಲುಗಿನಲ್ಲಿ ಬರೆದವಳು. ತಮಿಳಿನ ಭಕ್ತ ಕವಯಿತ್ರಿ ಆಂಡಾಳ್‌ಳ ತಿರುಪ್ಪಾವೈಯನ್ನು ತೆಲುಗಿಗೆ ತಂದವಳೂ ಅವಳೇ. ಅವಳ ದೊಡ್ಡ ಕೃತಿ ‘ರಾಧಿಕಾ ಸಾಂತ್ವನಮು’: ನಾಲ್ಕು ಆಶ್ವಾಸಗಳು, 584 ಪದ್ಯಗಳು.

ಹಳೆಯ ಕವಿಗಳು ಕಾವ್ಯದ ಆರಂಭದಲ್ಲಿ ತಂದೆ, ತಾತ, ಗೋತ್ರ ಹೇಳಿಕೊಳ್ಳುತ್ತಾರಲ್ಲ, ಮುದ್ದುಪಳನಿ ಅಲ್ಲಿ ತನ್ನ ಅಜ್ಜಿ ತಂಜನಾಯಕಿಯನ್ನೂ ಮನೆಯ ಹೆಂಗಸರನ್ನೂ ಹೊಗಳುತ್ತಾಳೆ. ವಿದ್ವಾಂಸರಿಗೆ ಹೊನ್ನು ಕೊಟ್ಟು ಸನ್ಮಾನಿಸಿದ ಹೆಣ್ಣು ನನ್ನಂಥವಳು ಇನ್ನಾರು, ಕಾವ್ಯಗಳನ್ನು ಅಂಕಿತವಾಗಿ ಪಡೆದವಳು ಇನ್ನಾರು ಎಂದು ಕೇಳುತ್ತಾಳೆ. ಹೆಣ್ಣು ಕವಿಯೊಬ್ಬಳು ಇಷ್ಟು ತಲೆಯೆತ್ತಿ ಮಾತಾಡುವುದನ್ನು ನಮ್ಮ ಹಳೆಯ ಸಾಹಿತ್ಯದಲ್ಲಿ ಹುಡುಕಬೇಕಾಗುತ್ತದೆ.

ಆ ಕಾವ್ಯದಲ್ಲಿ ಅಂಥದ್ದೇನಿದೆ? ನಿಜಕ್ಕೂ ಅಶ್ಲೀಲವೇ?

ಕತೆ ಸರಳ. ತಾನೇ ಸಾಕಿದ ಇಳಾ ಎಂಬ ಹುಡುಗಿಯನ್ನು ರಾಧೆ ತಾನೇ ಮುಂದೆ ನಿಂತು ಕೃಷ್ಣನಿಗೆ ಮದುವೆ ಮಾಡಿಸುತ್ತಾಳೆ. ಮಾಡಿಸಿದ ಮೇಲೆ ಅವಳಿಗೆ ಸಂಕಟ ಶುರುವಾಗುತ್ತದೆ. ಕೃಷ್ಣ ಹೊಸ ಹೆಂಡತಿಯ ಗುಂಗಿನಲ್ಲಿ ತನ್ನನ್ನು ಮರೆತನೆಂದು ಕುದಿಯುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ. ಕೃಷ್ಣ ಬಂದು ಕಾಲಿಗೆ ಬೀಳುತ್ತಾನೆ. ಅವಳು ಎಡಗಾಲಿನಿಂದ ಒದೆಯುತ್ತಾಳೆ. ಅವನಿಗೆ ಅದೂ ಭಾಗ್ಯವೇ. ಅವನು ರಮಿಸಿ ಸಮಾಧಾನ ಮಾಡುವುದೇ ಕಾವ್ಯದ ಹೆಸರಿನಲ್ಲಿರುವ ‘ಸಾಂತ್ವನ’.

ಶೃಂಗಾರ ಹೇರಳವಾಗಿದೆ, ಮುಚ್ಚುಮರೆಯಿಲ್ಲದೆ ಇದೆ. ಆದರೆ ಅಷ್ಟು ಶೃಂಗಾರ ತೆಲುಗಿನ ಪ್ರಬಂಧ ಕಾವ್ಯಗಳಲ್ಲಿ ಮಾಮೂಲು. ಹೊಸದು ಇರುವುದು ರಾಧೆಯ ನಡೆಯಲ್ಲಿ. ಸರಸದಲ್ಲಿ ಅವಳೇ ಮುಂದಾಗುತ್ತಾಳೆ, ತನಗೆ ಏನು ಬೇಕೆಂದು ಬಾಯಿಬಿಟ್ಟು ಹೇಳುತ್ತಾಳೆ. ವಯಸ್ಸು ಮಾಗಿದ ಹೆಣ್ಣಿನ ಆಸೆ, ಅಸೂಯೆ, ತಾನು ಹಳಬಳಾದೆನೆಂಬ ಅಳುಕು ಮೂರನ್ನೂ ಕವಯಿತ್ರಿ ಒಳಗಿನಿಂದ ಬಲ್ಲಳು. ನನ್ನ ಮಟ್ಟಿಗೆ ಇದು ಅಶ್ಲೀಲವಲ್ಲ. ಕೃಷ್ಣನನ್ನು ಹಂಚಿಕೊಂಡ ಹೆಣ್ಣಿನ ಹೊಟ್ಟೆಯುರಿಯನ್ನು ಇಷ್ಟು ಮಮತೆಯಿಂದ ಬರೆದವರು ಕಡಿಮೆ.

ನಾಗರತ್ನಮ್ಮನವರಿಗೆ ಈ ಕೃತಿ ಸಿಕ್ಕಿದ್ದು ಹೇಗೆ?

ಬೇರೆ ಪುಸ್ತಕವೊಂದರಲ್ಲಿ ಇದರ ಪ್ರಸ್ತಾಪ ಕಣ್ಣಿಗೆ ಬಿದ್ದು ಹುಡುಕತೊಡಗಿದರು. 1887ರಲ್ಲಿ ಪೈಡಿಪಾಟಿ ವೆಂಕಟನರಸು ಎಂಬವರು ಇದನ್ನು ಅಚ್ಚು ಹಾಕಿಸಿದ್ದರು. ಅವರು ತೆಲುಗಿಗೆ ದುಡಿದ ಸಿ.ಪಿ. ಬ್ರೌನ್ ಅವರ ಬಳಗದವರು. ಆ ಪ್ರತಿ ಕೈಗೆ ಬಂದಾಗ ನಾಗರತ್ನಮ್ಮ ಕಣ್ಣಾಡಿಸಿ ಇಟ್ಟುಬಿಡಲಿಲ್ಲ. ಮುಂದೆ ಕೈಬರಹದ ಪ್ರತಿಯೊಂದು ಸಿಕ್ಕಿತು. ಎರಡನ್ನೂ ಎದುರೆದುರು ಇಟ್ಟುಕೊಂಡು ಹೋಲಿಸಿದರು. ಅಚ್ಚಾದ ಪುಸ್ತಕದಲ್ಲಿ ಪದ್ಯಗಳು ಬಿಟ್ಟುಹೋಗಿದ್ದವು. ಕವಯಿತ್ರಿ ತನ್ನ ಮನೆತನದ ಬಗ್ಗೆ ಬರೆದುಕೊಂಡ ಭಾಗವೂ ಇರಲಿಲ್ಲ. ಅಂದರೆ ಅವಳು ಯಾರ ಮಗಳು, ಯಾರ ಮೊಮ್ಮಗಳು ಎಂಬುದನ್ನೇ ತೆಗೆದುಹಾಕಿದ್ದರು!

ಸಾಲು ಸಾಲು ಹೋಲಿಸಿ, ಬಿಟ್ಟಿದ್ದನ್ನು ಸೇರಿಸಿ ಸಿದ್ಧಪಡಿಸಿದ ಪರಿಷ್ಕರಣವನ್ನು 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಪ್ರಕಟಿಸಿತು. ಮುನ್ನುಡಿಯಲ್ಲಿ ಅವರು ಕಾರಣ ಹೇಳುತ್ತಾರೆ: ಎಷ್ಟು ಸಲ ಓದಿದರೂ ಮತ್ತೆ ಓದಬೇಕೆನಿಸುವ ರಸಭರಿತ ಕಾವ್ಯ ಇದು, ಬರೆದವಳು ಹೆಣ್ಣು, ಅದರಲ್ಲೂ ನಮ್ಮ ಸಮುದಾಯದಲ್ಲೇ ಹುಟ್ಟಿದವಳು, ಆದ್ದರಿಂದ ಸರಿಯಾದ ರೂಪದಲ್ಲಿ ಹೊರತರುವುದು ಅಗತ್ಯವೆನಿಸಿತು ಎಂದು. ‘ನಮ್ಮ ಸಮುದಾಯ’ ಎಂಬ ಮಾತನ್ನು ಅಚ್ಚಿನಲ್ಲಿ ಹೇಳಿಕೊಳ್ಳಲು ಆಗ ಎದೆಗಾರಿಕೆ ಬೇಕಿತ್ತು.

ವೀರೇಶಲಿಂಗಂ ತೆಲುಗು ನಾಡಿನ ದೊಡ್ಡ ಸುಧಾರಕರಲ್ಲವೇ? ಅವರು ಈ ಕಾವ್ಯಕ್ಕೆ ಏಕೆ ವಿರುದ್ಧವಾದರು?

ಇಡೀ ಕತೆಯಲ್ಲಿ ಓದುಗರನ್ನು ಅತಿ ಹೆಚ್ಚು ಕಾಡುವ ಪ್ರಶ್ನೆ ಇದೇ, ನನ್ನನ್ನೂ ಕಾಡಿದೆ.

ಕಂದುಕೂರಿ ವೀರೇಶಲಿಂಗಂ (1848–1919) ಸಣ್ಣ ಆಸಾಮಿಯಲ್ಲ. 1874ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1881ರ ಡಿಸೆಂಬರ್‌ನಲ್ಲಿ ರಾಜಮಹೇಂದ್ರಿಯಲ್ಲಿ, ಊರೇ ಬಹಿಷ್ಕಾರದ ಬೆದರಿಕೆ ಹಾಕುತ್ತಿರುವಾಗ, ವಿಧವಾ ವಿವಾಹ ಮಾಡಿಸಿದರು. ಎಳೆಯ ವಿಧವೆಯರ ಪಾಲಿಗೆ ಅವರು ದೇವರು. ಈ ಋಣವನ್ನು ಯಾರೂ ಅಲ್ಲಗಳೆಯಬಾರದು.

ಆದರೆ ಆ ತಲೆಮಾರಿನ ಸುಧಾರಣೆಯ ಒಳಗೇ ಒಂದು ಗೆರೆ ಇತ್ತು. ಹೆಣ್ಣು ಓದಬೇಕು, ಮರುಮದುವೆಯಾಗಬೇಕು, ಎಲ್ಲವೂ ಒಳ್ಳೆಯ ಗೃಹಿಣಿಯಾಗುವುದಕ್ಕೆ. ಆ ಗೆರೆಯ ಆಚೆ ನಿಂತವಳು ದೇವದಾಸಿ, ಗಣಿಕೆ. 1892ರ ಸುಮಾರಿಗೆ ಮದರಾಸಿನಲ್ಲಿ ಶುರುವಾದ ನಾಚ್ ವಿರೋಧಿ ಚಳವಳಿ ಮದುವೆ ಮುಂಜಿಗಳಲ್ಲಿ ಇವರ ಹಾಡು, ಕುಣಿತ ಇಡಿಸಬೇಡಿ, ಇಟ್ಟ ಕಡೆಗೆ ಹೋಗಬೇಡಿ ಎಂದು ಸಾರಿತು. ವೀರೇಶಲಿಂಗಂ ಅದಕ್ಕೂ ಮೊದಲಿನಿಂದಲೇ ‘ಭೋಗಂ ಮೇಳ’ಗಳ (ಗಣಿಕೆಯರ ಹಾಡು, ಕುಣಿತದ ಕೂಟಗಳ) ವಿರುದ್ಧ ಬರೆಯುತ್ತಿದ್ದವರು. ಕಾಪಾಡಬೇಕಾದ ಹೆಣ್ಣು ಒಬ್ಬಳು, ದೂರ ಇಡಬೇಕಾದ ಹೆಣ್ಣು ಇನ್ನೊಬ್ಬಳು ಎಂಬ ಈ ಭೇದವನ್ನು ಸಂಪ್ರದಾಯಸ್ಥರಂತೆ ಸುಧಾರಕರೂ ಒಪ್ಪಿಕೊಂಡಿದ್ದರು. ಅಪವಾದಗಳಿದ್ದವು: 1892ರಲ್ಲೇ ರಂಗಕ್ಕೆ ಬಂದ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ನಾಟಕದಲ್ಲಿ ಎಲ್ಲರಿಗಿಂತ ಬುದ್ಧಿಯೂ ಕರುಣೆಯೂ ಇರುವವಳು ಗಣಿಕೆ ಮಧುರವಾಣಿ.

ವೀರೇಶಲಿಂಗಂ ತಮ್ಮ ತೆಲುಗು ಕವಿಚರಿತ್ರೆಯಲ್ಲಿ ಮುದ್ದುಪಳನಿಯನ್ನು ಕಟುವಾಗಿ ಹಳಿದರು. ಅವರ ವಾದದ ತಾತ್ಪರ್ಯ: ಈ ಕಾವ್ಯದ ಎಷ್ಟೋ ಭಾಗ ಹೆಣ್ಣಿನ ಬಾಯಿಂದ ಬರುವುದಿರಲಿ, ಹೆಣ್ಣಿನ ಕಿವಿಗೂ ಬೀಳಬಾರದಂಥದ್ದು, ಹೆಂಗಸರಿಗೆ ಸಹಜವಾದ ನಾಚಿಕೆ ವೇಶ್ಯಾಕುಲದ ಇವಳಿಗೆ ಇಲ್ಲ.

ನಾಗರತ್ನಮ್ಮ ಏನೆಂದು ಉತ್ತರ ಕೊಟ್ಟರು?

ನೇರವಾಗಿ ಕೊಟ್ಟರು. ನಾಚಿಕೆ ಹೆಂಗಸರಿಗೆ ಮಾತ್ರ ಸಹಜವೋ? ಗಂಡಸರಿಗೆ ಅದು ಬೇಡವೋ? ವೇಶ್ಯೆ ಆದ್ದರಿಂದ ನಾಚಿಕೆಯಿಲ್ಲದೆ ಬರೆದಳು ಎನ್ನುವುದಾದರೆ ಮರ್ಯಾದಸ್ಥರೆನಿಸಿಕೊಂಡ ಗಂಡಸರು ಹಾಗೆ ಬರೆದದ್ದೂ ಅಷ್ಟೇ ತಪ್ಪಾಗಬೇಕಲ್ಲ? ಇದಕ್ಕಿಂತ ಹಸಿಹಸಿಯಾಗಿ ಬರೆದ ಮಹಾಕವಿಗಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತೀರಲ್ಲ?

ಅಲ್ಲಿಗೇ ಬಿಡಲಿಲ್ಲ. ಸಾರಂಗು ತಮ್ಮಯ್ಯನ ‘ವೈಜಯಂತೀ ವಿಲಾಸ’ವನ್ನು ವೀರೇಶಲಿಂಗಂ ಪಂತುಲು ಅವರೇ ನೋಡಿ ಅಚ್ಚಿಗೆ ಒಪ್ಪಿದ್ದರಲ್ಲ, ಅದರಲ್ಲಿ ಇದಕ್ಕಿಂತ ಹೆಚ್ಚಿನ ವರ್ಣನೆ ಇದೆಯಲ್ಲ ಎಂದು ಕೇಳಿದರು. ಆ ಕಾವ್ಯದ ವಸ್ತುವೇ ಭಕ್ತ ವಿಪ್ರನಾರಾಯಣ ಗಣಿಕೆಯೊಬ್ಬಳಿಗೆ ಮರುಳಾದದ್ದು. ಗಂಡಸು ಬರೆದರೆ ಕಾವ್ಯ, ಹೆಂಗಸು ಬರೆದರೆ ಕೊಳಕು ಎಂಬ ಎರಡು ತಕ್ಕಡಿಯನ್ನು ಪಂಡಿತರ ಎದುರಿಗೇ ಎತ್ತಿ ಹಿಡಿದು ತೋರಿಸಿದ್ದು ಹೀಗೆ. ಕಾಲೇಜು ಮೆಟ್ಟಿಲು ಹತ್ತದ ಹೆಣ್ಣುಮಗಳು, ಆಂಧ್ರದ ಅತಿ ದೊಡ್ಡ ವಿದ್ವಾಂಸನಿಗೆ, ಅವನದೇ ಭಾಷೆಯಲ್ಲಿ, ಅವನದೇ ಗ್ರಂಥಗಳನ್ನು ಹಿಡಿದು ಹೇಳಿದ ಮಾತು ಇದು.

ಒಂದು ತೆಲುಗು ಪತ್ರಿಕೆ, ವೇಶ್ಯೆ ಬರೆದದ್ದನ್ನು ಇನ್ನೊಬ್ಬ ವೇಶ್ಯೆ ಪರಿಷ್ಕರಿಸಿದ್ದಾಳೆ ಎಂದು ಬರೆಯಿತು. ವಾದಕ್ಕೆ ಉತ್ತರ ತೋಚದಾಗ ಜಾತಿ ಎತ್ತುವುದು ಆಗಲೂ ಇತ್ತು.

ನಿಷೇಧ ಹೇಗಾಯಿತು? ಹೇಗೆ ತೆರವಾಯಿತು?

ದೂರು ಸರ್ಕಾರಕ್ಕೆ ಹೋಯಿತು. ಸರ್ಕಾರಿ ಅನುವಾದಕರು ಆಕ್ಷೇಪಾರ್ಹ ಪದ್ಯಗಳನ್ನು ಇಂಗ್ಲಿಷಿಗೆ ಮಾಡಿಕೊಟ್ಟರು. 1911ರಲ್ಲಿ ಪೊಲೀಸ್ ಕಮಿಷನರ್ ಕನ್ನಿಂಗ್‌ಹ್ಯಾಮ್ ಪ್ರತಿಗಳನ್ನು ಜಪ್ತಿ ಮಾಡಿಸಿದರು. ಅದೊಂದೇ ಅಲ್ಲದೆ ವಾವಿಳ್ಳದವರ ಇನ್ನೂ ಕೆಲವು ಪ್ರಾಚೀನ ಕಾವ್ಯಗಳೂ ಪಟ್ಟಿಯಲ್ಲಿದ್ದವು. ಹೀಗಾದರೆ ಹಳೆಯ ಕಾವ್ಯಗಳೆಲ್ಲ ನಾಶವಾಗುತ್ತವೆ ಎಂದು ಪಂಡಿತರು ಮನವಿ ಕೊಟ್ಟರೂ ಪುಸ್ತಕ ಉಳಿಯಲಿಲ್ಲ. ಮುಂದೆ ವಾವಿಳ್ಳದವರು ಮತ್ತೆ ಅಚ್ಚು ಹಾಕಿದಾಗ 1927ರಲ್ಲಿ ಮತ್ತೆ ದಾಳಿಯಾಯಿತು.

ಮದರಾಸು ಪ್ರಾಂತದ ಮುಖ್ಯಸ್ಥರಾದ ಟಂಗುಟೂರಿ ಪ್ರಕಾಶಂ ಈ ನಿಷೇಧವನ್ನು ತೆಗೆಸಿದರು. ತೆಲುಗು ಸಾಹಿತ್ಯದ ಕಂಠಹಾರಕ್ಕೆ ಕೆಲವು ಮುತ್ತುಗಳನ್ನು ಮರಳಿ ಪೋಣಿಸಿದಂತಾಯಿತು ಎಂಬುದು ಅವರ ಭಾವನೆ. ಹೊಸ ಮುದ್ರಣ ಬಂದದ್ದು 1952ರಲ್ಲಿ, ನಾಗರತ್ನಮ್ಮ ತೀರಿಕೊಂಡ ವರ್ಷವೇ.

ಆಗ ಮೈಸೂರಿನಲ್ಲಿ ಪರಿಸ್ಥಿತಿ ಹೇಗಿತ್ತು?

‘ರಾಧಿಕಾ ಸಾಂತ್ವನಮು’ ಅಚ್ಚಿನ ಮನೆಯಲ್ಲಿದ್ದ ಹೊತ್ತಿಗೇ, 1909ರ ಸುಮಾರಿಗೆ, ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಹುಡುಗಿಯರನ್ನು ದೇವದಾಸಿಯಾಗಿಸುವ ಗೆಜ್ಜೆಪೂಜೆಗೆ ಅದಕ್ಕೂ ಮೊದಲೇ ತಡೆ ಬಿದ್ದಿತ್ತು. ಬ್ರಿಟಿಷ್ ಮದರಾಸಿಗಿಂತ ಸುಮಾರು ನಾಲ್ಕು ದಶಕ ಮುಂಚೆ. ಈ ಸುದ್ದಿ ಹೇಳುವಾಗ ನಾವು ಕನ್ನಡಿಗರು ಎದೆಯುಬ್ಬಿಸುತ್ತೇವೆ, ಉಬ್ಬಿಸಲಿಕ್ಕೆ ಕಾರಣವೂ ಇದೆ. ಆದರೆ ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ದೇವದಾಸಿಯರು ತಮ್ಮ ಸೇವೆ, ಸಂಬಳ ತಪ್ಪಿಸಬೇಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡಿದ್ದನ್ನು ಹೇಳುವುದಿಲ್ಲ. ನಾಗರತ್ನಮ್ಮ ಹುಟ್ಟಿದ ಊರಿನ ಹೆಂಗಸರು ಅವರು. ದೇವಸ್ಥಾನದ ಬಾಗಿಲು ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಏನು ಮಾಡಬೇಕೆಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ಹಾಗಾದರೆ ನಾಗರತ್ನಮ್ಮ ದೇವದಾಸಿ ಪದ್ಧತಿಯನ್ನು ಸಮರ್ಥಿಸಿದರೇ?

1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದರಾಸು ಶಾಸನಸಭೆಯಲ್ಲಿ, ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಬಿಡುವುದನ್ನು ನಿಲ್ಲಿಸಬೇಕೆಂಬ ನಿರ್ಣಯ ತಂದರು. ಅವರು ಆ ಸಭೆಯ ಮೊದಲ ಮಹಿಳಾ ಸದಸ್ಯೆ, ಅವರ ತಾಯಿಯೂ ದೇವದಾಸಿ ಸಮುದಾಯದಿಂದ ಬಂದವರೇ. ಎದುರಾಗಿ ಮದರಾಸಿನ ದೇವದಾಸಿಯರು ಸಂಘ ಕಟ್ಟಿ ಮನವಿ ಸಲ್ಲಿಸಿದರು. ನಾಗರತ್ನಮ್ಮ ಆ ಗುಂಪಿನಲ್ಲಿದ್ದರು. ದೇವದಾಸಿ ಎಂದರೆ ವೇಶ್ಯೆ ಎಂದು ಒಂದೇ ಏಟಿಗೆ ಕಾನೂನಿನಲ್ಲಿ ಬರೆಯಬೇಡಿ, ನಮಗೆ ವಿದ್ಯೆ ಇದೆ, ಕಲೆ ಇದೆ, ಆಸ್ತಿಯ ಹಕ್ಕಿದೆ, ತಪ್ಪು ಮಾಡಿದವರನ್ನು ಶಿಕ್ಷಿಸಿ, ಇಡೀ ಕುಲಕ್ಕೆ ಮಸಿ ಬಳಿಯಬೇಡಿ ಎಂಬುದು ಅವರ ವಾದ. ಆಸ್ತಿಯ ಮಾತು ದೊಡ್ಡದು: ಬೇರೆ ಹಿಂದೂ ಹೆಂಗಸರಿಗೆ ತಂದೆಯ ಮನೆಯಲ್ಲಿ ಪಾಲಿಲ್ಲದ ಕಾಲದಲ್ಲಿ ಈ ಸಮುದಾಯದಲ್ಲಿ ತಾಯಿಯ ಆಸ್ತಿ ಮಗಳಿಗೆ ಬರುತ್ತಿತ್ತು, ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳಬಹುದಿತ್ತು.

ನಾನು ಇಲ್ಲಿ ಮುತ್ತುಲಕ್ಷ್ಮಿ ಅವರ ಕಡೆಗೇ ನಿಲ್ಲುತ್ತೇನೆ. ಏಳೆಂಟು ವರ್ಷದ ಮಗುವಿಗೆ ದೇವರ ಹೆಸರಲ್ಲಿ ತಾಳಿ ಕಟ್ಟಿ, ಮುಂದೆ ಅವಳ ಬದುಕನ್ನು ಯಾರೋ ದುಡ್ಡಿದ್ದವನ ಕೈಗೆ ಕೊಡುವುದಕ್ಕೆ ಯಾವ ಕಲೆಯೂ ಸಮರ್ಥನೆಯಾಗಲಾರದು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡ ದಲಿತ ಹೆಣ್ಣುಮಕ್ಕಳ ಪಾಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ 1982ರಲ್ಲೂ ಅದಕ್ಕಾಗಿ ಕಾಯ್ದೆ ಮಾಡಬೇಕಾಯಿತು. ದೇವದಾಸಿ ಕುಟುಂಬದಲ್ಲೇ ಬೆಳೆದ ಮೂವಲೂರು ರಾಮಾಮಿರ್ದಂ ಅಮ್ಮಾಳ್ ಅವರೂ ಈ ಪದ್ಧತಿ ತೊಲಗಲಿ ಎಂದೇ ಹೋರಾಡಿದರು.

ಆದರೆ ನಾಗರತ್ನಮ್ಮನವರ ಮಾತು ಸುಳ್ಳಾಗಲಿಲ್ಲ. ಕಾಯ್ದೆ ಬಂತು, ಮಸಿಯೂ ಉಳಿಯಿತು. ನಾಟ್ಯ, ಜಾವಳಿ, ಪದ ಎಂಬ ಶೃಂಗಾರದ ಹಾಡುಗಳೆಲ್ಲ ಬೇರೆಯವರ ಮನೆಯ ಹೆಣ್ಣುಮಕ್ಕಳ ವೇದಿಕೆಗೆ ‘ಶುದ್ಧ’ವಾಗಿ ಹೋದವು. ಅವನ್ನು ಜತನ ಮಾಡಿದ ಹೆಂಗಸರು ಹೆಸರು ಬದಲಿಸಿ, ಊರು ಬದಲಿಸಿ, ತಮ್ಮ ತಾಯಂದಿರ ಬಗ್ಗೆ ಬಾಯಿ ಹೊಲಿದುಕೊಂಡು ಬದುಕಬೇಕಾಯಿತು. ಪದ್ಧತಿಯನ್ನು ತೆಗೆಯುತ್ತಲೇ ಆ ಹೆಂಗಸರನ್ನು ಗೌರವದಿಂದ ಉಳಿಸಿಕೊಳ್ಳಬಹುದಿತ್ತು. ಅವರನ್ನು ಕೂರಿಸಿಕೊಂಡು ಕೇಳಿದ್ದರೆ ದಾರಿ ಅವರೇ ಹೇಳುತ್ತಿದ್ದರು.

ಕನ್ನಡದಲ್ಲಿ ಇಂಥ ಕಾವ್ಯಗಳಿಲ್ಲವೇ? ನಮಗೆ ಇದು ಹೊಸದೇ?

ಶೃಂಗಾರಕ್ಕೆ ನಮ್ಮಲ್ಲಿ ಬರವಿಲ್ಲ. ರಾಣಿ ಅಮೃತಮತಿ ಕುರೂಪಿ ಮಾವುತನ ಹಾಡಿಗೆ ಮನಸೋಲುವ ಜನ್ನನ ‘ಯಶೋಧರ ಚರಿತೆ’ ಬಹುಕಾಲದಿಂದ ಪಠ್ಯ. ನಾನು ಓದಿದ ಕಾಲೇಜಿನಲ್ಲಿ ಮೇಷ್ಟ್ರು ಕೆಲವು ಪದ್ಯ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇದನ್ನು ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ತಿರುಗಿಸುತ್ತಿದ್ದರು. ಹುಡುಗಿಯರ ಸಾಲು ತಲೆ ತಗ್ಗಿಸಿಕೊಂಡಿರುತ್ತಿತ್ತು. ಮನೆಯಲ್ಲಿ ಓದಿದ ಮೇಲೆ ತಿಳಿಯಿತು, ಅಮೃತಮತಿಯ ಆಸೆಗೆ ಕೊನೆಗೆ ಸಿಕ್ಕಿದ್ದು ನರಕ. ರಾಧೆಯ ಆಸೆಗೆ ಮುದ್ದುಪಳನಿ ಕೊಡಿಸಿದ್ದು ಸಾಂತ್ವನ. ಬರೆದವರು ಯಾರು ಎಂಬುದರಿಂದ ಆಗುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಚಿಕ್ಕದೇವರಾಜರ ಕಾಲದ ಸಂಚಿಯ ಹೊನ್ನಮ್ಮ ಹೆಣ್ಣನ್ನು ಹೀಗಳೆಯುವವರನ್ನು ಗಟ್ಟಿಯಾಗಿಯೇ ಕೇಳಿದಳು, ಆದರೆ ಅವಳು ಬರೆದದ್ದು ಪತಿವ್ರತೆಯ ಧರ್ಮ.

ನಂಜನಗೂಡು ತಿರುಮಲಾಂಬ ಕೂಡ ಅದೇ ಊರಿನವರಲ್ಲವೇ?

ಹೌದು, ಒಂಬತ್ತು ವರ್ಷ ಚಿಕ್ಕವರು, ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲೇ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಮನೆಯೊಳಗೆ ಕೂತು ಓದಿ ಬರೆದು ‘ಸತೀ ಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ಹೊಸಗನ್ನಡದ ಮೊದಲ ಲೇಖಕಿಯರಲ್ಲಿ ಒಬ್ಬರಾದರು. ಒಂದೇ ಊರು, ಒಂದೇ ಕಪಿಲಾ ನದಿ. ಸುಧಾರಕರು ಗೆರೆ ಎಳೆದು ಬೇರೆ ಮಾಡಿದ ಎರಡೂ ಬದಿಯ ಹೆಣ್ಣುಮಕ್ಕಳು ಇಬ್ಬರೂ ಪುಸ್ತಕವನ್ನೇ ನೆಚ್ಚಿಕೊಂಡರು.

ತ್ಯಾಗರಾಜರ ಸಮಾಧಿ ಇರುವ ತಿರುವೈಯಾರಿನ ಕತೆಗೂ ಇದಕ್ಕೂ ಏನು ಸಂಬಂಧ?

ಅಲ್ಲಿಯೂ ಅದೇ ಜಗಳ, ಬೇರೆ ವೇಷದಲ್ಲಿ. 1921ರಲ್ಲಿ ಮೈಸೂರಿನ ಸಂಗೀತ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರು ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂದು ನಾಗರತ್ನಮ್ಮನವರಿಗೆ ತಿಳಿಸಿದರು. ಅವರು ಹೋಗಿ ಜಾಗ ಕೊಂಡು, ತಮ್ಮ ದುಡ್ಡಿನಲ್ಲಿ ಗುಡಿ ಕಟ್ಟಿಸಿದರು. 1926ರಲ್ಲಿ ಪ್ರತಿಷ್ಠೆಯಾಯಿತು. ಆದರೆ ಆರಾಧನೆ ನಡೆಸುತ್ತಿದ್ದ ಗಂಡಸರ ಎರಡು ಪಕ್ಷಗಳಲ್ಲಿ ಹೆಂಗಸರಿಗೆ ಹಾಡಲು ಜಾಗವಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಜಾಗವಿಲ್ಲ! ಅವರು ಬೇಡಿಕೊಳ್ಳುತ್ತ ಕೂರಲಿಲ್ಲ. 1927ರಲ್ಲಿ ಹೆಂಗಸರದೇ ಒಂದು ಪಕ್ಷ ಕಟ್ಟಿದರು, ಗುಡಿಯ ಹಿಂಭಾಗದಲ್ಲಿ ತಮ್ಮದೇ ಆರಾಧನೆ ನಡೆಸಿದರು. 1941ರಲ್ಲಿ ಎಲ್ಲ ಪಕ್ಷಗಳೂ ಒಂದಾದ ಮೇಲೆ ಹೆಂಗಸರೂ ಸೇರಿ ಹಾಡುವಂತಾಯಿತು.

ಅವರನ್ನು ಸ್ತ್ರೀವಾದಿ ಎನ್ನಬಹುದೇ?

ಅವರು ಆ ಪದ ಬಳಸಲಿಲ್ಲ. ಭಕ್ತೆ ಎಂದೇ ಕರೆದುಕೊಂಡರು, ತ್ಯಾಗರಾಜರ ಮೇಲೆ ಸಂಸ್ಕೃತದಲ್ಲಿ ಅಷ್ಟೋತ್ತರ ರಚಿಸಿದರು. ಶೃಂಗಾರ ಕಾವ್ಯಕ್ಕಾಗಿ ಬಡಿದಾಡಿದ ಕೈ, ಅಷ್ಟೋತ್ತರ ಬರೆದ ಕೈ ಒಂದೇ ಎಂಬುದು ಕೆಲವರಿಗೆ ಗೊಂದಲ. ಅವರಿಗೆ ಗೊಂದಲವಿದ್ದ ಹಾಗೆ ಕಾಣುವುದಿಲ್ಲ.

ತಿರುವೈಯಾರಿಗೆ ಹೋದರೆ ಅವರ ನೆನಪಿನದು ಏನು ನೋಡಬಹುದು?

ತಂಜಾವೂರಿನಿಂದ 13 ಕಿ.ಮೀ. ದೂರ, ಬಸ್ಸುಗಳಿವೆ. ಕಾವೇರಿ ದಂಡೆಯಲ್ಲೇ ತ್ಯಾಗರಾಜರ ಸಮಾಧಿ. ಪುಷ್ಯ ಬಹುಳ ಪಂಚಮಿಯ ಆರಾಧನೆಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ, ಬೇರೆ ದಿನಗಳಲ್ಲಿ ನೀರಿನ ಸದ್ದು ಕೇಳುವಷ್ಟು ಮೌನ. 1949ರಲ್ಲಿ ನಾಗರತ್ನಮ್ಮ ಉಯಿಲು ಬರೆದು ತಮ್ಮ ಆಸ್ತಿಯನ್ನೆಲ್ಲ ಈ ಸಮಾಧಿಯ ಸೇವೆಗೆ ಬಿಟ್ಟರು. ಹೆಂಗಸರಿಗೆ, ದೇವದಾಸಿಯರೂ ಸೇರಿ, ಇಲ್ಲಿ ಹಾಡುವ ಹಕ್ಕು ಯಾವ ಅಡ್ಡಿಯೂ ಇಲ್ಲದೆ ಇರಬೇಕು ಎಂಬುದನ್ನು ಅದರಲ್ಲಿ ಸೇರಿಸಿದರು. 1952ರ ಮೇ 19ರಂದು ಈ ಊರಿನಲ್ಲೇ ತೀರಿಕೊಂಡರು. ಅವರ ಸಮಾಧಿ ತ್ಯಾಗರಾಜರ ಸಮಾಧಿಗೆ ಹತ್ತಿರದಲ್ಲೇ ಇದೆ. ಅದರ ಮೇಲೆ ಅವರ ಕಲ್ಲಿನ ವಿಗ್ರಹ, ಮುಖ ತ್ಯಾಗರಾಜರ ಕಡೆಗೆ. ಕನ್ನಡದವರು ಬಂದರೆ ಆ ಮೂರ್ತಿಯ ಎದುರು ಎರಡು ನಿಮಿಷ ನಿಲ್ಲಿ, ನಂಜನಗೂಡಿನಿಂದ ಬಂದಿದ್ದೇವೆ ಎಂದು ಹೇಳಿ.